ಗಾಣದ ಕಲ್ಲಿಗೆ ಕಾನೂನಿದೆ, ಕಾವಲಿಲ್ಲ

ಚಿಕ್ಕಬಳ್ಳಾಪುರ: ಪೇಟೆಯ ಬೀದಿಗಳಲ್ಲಿ ‘ಮರದ ಗಾಣದ ಎಣ್ಣೆ ದೊರೆಯುತ್ತದೆ’ ಎಂಬ ಫಲಕಗಳು ಹೆಚ್ಚುತ್ತಿರುವ ಹೊತ್ತಿನಲ್ಲೇ ಹಳ್ಳಿಗಳಿಂದ ಗಾಣದ ಕಲ್ಲುಗಳು ಸದ್ದಿಲ್ಲದೆ ಕಾಣೆಯಾಗುತ್ತಿವೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು ಕಲ್ಲಿನ ಸೀಮೆ. ಇಲ್ಲಿ ಗಾಣವನ್ನೂ ಕಲ್ಲಿನಲ್ಲೇ ಕಡೆಯುತ್ತಿದ್ದರು. ಗುಡಿಯ ಹಿಂಬದಿಯಲ್ಲೋ ಕೆರೆಯ ಏರಿಯ ಬದಿಯಲ್ಲೋ ಅರ್ಧ ಹೂತುಹೋದ ಇಂಥ ಕಲ್ಲು ಅದೃಷ್ಟವಿದ್ದರೆ ದನಕರುಗಳ ನೀರಿನ ತೊಟ್ಟಿಯಾಗಿ ಉಳಿಯುತ್ತದೆ. ಇಲ್ಲವಾದರೆ ರಸ್ತೆ ಅಗಲೀಕರಣದ ಜೆಸಿಬಿಗೆ ಸಿಕ್ಕಿ ಒಡೆಯುತ್ತದೆ, ಅಥವಾ ತೋಟದ ಮನೆಯೊಂದರ ಹೂಕುಂಡವಾಗಿ ಊರು ಬಿಡುತ್ತದೆ.

ಗಾಣವೆಂದರೆ ಬರೀ ಎಣ್ಣೆಯ ಯಂತ್ರವಲ್ಲ. ಅದು ಊರಿನ ಆದಾಯದ ಲೆಕ್ಕವೂ ಆಗಿತ್ತು. ಕನ್ನಡ ಶಾಸನಗಳಲ್ಲಿ ಬರುವ ‘ಗಾಣದೆರೆ’ ಗಾಣದ ಮೇಲಿನ ತೆರಿಗೆ. ದೇವಾಲಯದ ನಂದಾದೀಪಕ್ಕೆಂದು ಗಾಣವೊಂದಕ್ಕೆ ಇಷ್ಟು ಸೊಲ್ಲಗೆ ಎಣ್ಣೆ ಎಂದು ಬಿಟ್ಟುಕೊಟ್ಟ ದತ್ತಿಗಳು ನಾಡಿನುದ್ದಕ್ಕೂ ಸಿಗುತ್ತವೆ. ಕೆಲವು ಕಡೆ ದಾನಿಯ ಹೆಸರನ್ನು ಗಾಣದ ಅಂಚಿನ ಮೇಲೆಯೇ ಕೊರೆದಿರುವುದುಂಟು. ಅಂಥ ಕಲ್ಲು ಒಡೆದರೆ ಒಂದು ದಾಖಲೆಯೇ ಹೋದಂತೆ. ಆಗಿನ ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೇ ಸಂಪುಟದಲ್ಲಿ 1905ರಲ್ಲಿ ತಾಲ್ಲೂಕುವಾರು ಪ್ರಕಟಿಸಿದರು. ನಮ್ಮ ನಾಲ್ಕೂ ತಾಲ್ಲೂಕುಗಳು ಅದರಲ್ಲಿವೆ. ಆದರೆ ಆ ಸಂಪುಟದ ಲೆಕ್ಕ ಅಕ್ಷರವಿರುವ ಕಲ್ಲಿನದು. ಅಕ್ಷರವಿಲ್ಲದ ಗಾಣವನ್ನು ಅಂದೂ ಎಣಿಸಲಿಲ್ಲ.

ಗಾಣದ ರಚನೆ ಸರಳವೆಂದು ತೋರಿದರೂ ಅದರ ಹಿಂದಿನ ಲೆಕ್ಕಾಚಾರ ಸರಳವಲ್ಲ. ಕಲ್ಲಿನ ಒರಳು, ಅದರೊಳಗೆ ಓರೆಯಾಗಿ ನಿಂತ ಮರದ ದಿಮ್ಮಿ, ಅದಕ್ಕೆ ಜೋಡಿಸಿದ ತೊಲೆ, ತೊಲೆಯ ಮೇಲೆ ಭಾರ, ಸುತ್ತಲೂ ತಿರುಗುವ ಎತ್ತು. ದಿಮ್ಮಿಯ ಓರೆ ತಪ್ಪಿದರೆ ಬೀಜ ಅರೆಯುವುದೇ ಹೊರತು ಎಣ್ಣೆ ಬಿಡುವುದಿಲ್ಲ. ಅರೆಯುವಾಗ ಚಿಮುಕಿಸುವ ನೀರು ಹೆಚ್ಚಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. ಈ ಹದ ಗಾಣಿಗನ ಕೈಯಲ್ಲಿತ್ತು. ಗಾಣಿಗರಲ್ಲೇ ಕಲ್ಲುಗಾಣಕ್ಕೆ ಜೋಡಿ ಎತ್ತು ಕಟ್ಟುವವರು ಹೆಗ್ಗಾಣಿಗರು, ಮರಗಾಣದವರು ಕಿರುಗಾಣಿಗರು, ಒಂದೇ ಎತ್ತಿನವರು ಒಂಟೆತ್ತು ಗಾಣಿಗರು ಎಂದು ಹಳೆಯ ಮೈಸೂರಿನ ದಾಖಲೆಗಳು ಗುರುತಿಸುತ್ತವೆ. ಯಂತ್ರದ ಮೇಲೆ ಜನರ ಹೆಸರೇ ನಿಂತಿತ್ತೆಂಬುದು ಗಮನಾರ್ಹ. ಕೊಳ್ಳೇಗಾಲದಲ್ಲಿ ಹುಟ್ಟಿದ ಎಣ್ಣೆ ವಿಜ್ಞಾನಿ ಕೆ.ಟಿ. ಅಚಯ ಅವರು 1993ರಲ್ಲಿ ಭಾರತದ ಗಾಣದ ಬಗ್ಗೆಯೇ ಒಂದು ಪುಸ್ತಕ ಬರೆದರು. ಕನ್ನಡದ ಓದುಗರಲ್ಲಿ ಅದರ ಚರ್ಚೆ ನಡೆದದ್ದು ಕಡಿಮೆ.

ಗಾಣ ನಿಂತದ್ದು ಒಂದೇ ದಿನದಲ್ಲಲ್ಲ. ಮೊದಲು ಸೀಮೆಎಣ್ಣೆ ಬಂದು ಹೊಂಗೆ, ಹರಳೆಣ್ಣೆಯ ದೀಪವನ್ನು ಆರಿಸಿತು. ಮಿಲ್ಲುಗಳು ಬಂದು ಕಡಲೆಕಾಯಿಯನ್ನು ಕೊಂಡೊಯ್ದವು. ಗಾಂಧೀಜಿಯವರ ಪ್ರೇರಣೆಯಿಂದ 1934ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ವಾರ್ಧಾದಲ್ಲಿ ಸುಧಾರಿತ ಗಾಣವನ್ನು ರೂಪಿಸಿದರೂ ಪ್ರವಾಹ ತಿರುಗಲಿಲ್ಲ. 1994ರ ನಂತರ ಆಮದಿನ ಬಾಗಿಲು ತೆರೆಯಿತು. ಇಂದು ದೇಶ ಬಳಸುವ ಖಾದ್ಯತೈಲದಲ್ಲಿ ಅರ್ಧಕ್ಕೂ ಹೆಚ್ಚು ಹೊರದೇಶದ್ದು.

ಹಾಗಿದ್ದರೆ ಉಳಿದ ಕಲ್ಲನ್ನಾದರೂ ಕಾಪಾಡಲು ಕಾನೂನಿಲ್ಲವೇ? ಇದೆ. 1972ರ ಪುರಾತನ ವಸ್ತುಗಳ ಕಾಯ್ದೆಯು ಗತಕಾಲದ ವಿಜ್ಞಾನ, ಕಲೆ, ಕುಶಲಕರ್ಮಗಳನ್ನು ತೋರುವ, ನೂರು ವರ್ಷಕ್ಕೆ ಕಡಿಮೆಯಿಲ್ಲದ ಯಾವುದೇ ವಸ್ತುವನ್ನು ಪುರಾತನ ವಸ್ತುವೆನ್ನುತ್ತದೆ. ಈ ವ್ಯಾಖ್ಯೆಯೊಳಗೆ ಹಳೆಯ ಗಾಣ ಸಲೀಸಾಗಿ ಕೂರುತ್ತದೆ. ಪರವಾನಗಿಯಿಲ್ಲದೆ ಅದರ ವ್ಯಾಪಾರ ನಡೆಸುವಂತಿಲ್ಲ. ಆದರೆ ನೋಂದಣಿ ಕಡ್ಡಾಯವಾಗಿರುವುದು ಶಿಲ್ಪ, ಚಿತ್ರ, ಹಸ್ತಪ್ರತಿ ಮುಂತಾದ ಕೆಲವೇ ವರ್ಗಗಳಿಗೆ. ನೋಂದಣಿಯಿಲ್ಲದ ಕಲ್ಲು ಕಳುವಾದರೆ ಅದು ಇತ್ತೆಂದು ಸಾಬೀತುಪಡಿಸುವವರು ಯಾರು? ನಂದಿಯ ಭೋಗನಂದೀಶ್ವರ ದೇಗುಲಕ್ಕೆ ಪುರಾತತ್ವ ಸರ್ವೇಕ್ಷಣೆಯ ಕಾವಲಿದೆ. ಆ ದೀಪಗಳಿಗೆ ಎಣ್ಣೆ ಕೊಟ್ಟ ಸೀಮೆಯ ಗಾಣಗಳಿಗೆ ಪಂಚಾಯಿತಿಯ ಆಸ್ತಿಪಟ್ಟಿಯಲ್ಲೂ ಸಾಲಿಲ್ಲ.

ಇಂಗ್ಲೆಂಡಿನಲ್ಲಿ ಹಿಟ್ಟು ಬೀಸುತ್ತಿದ್ದ ಗಾಳಿಗಿರಣಿಗಳಿಗೂ ಇದೇ ಗತಿ ಬಂದಿತ್ತು. 1877ರಲ್ಲಿ ವಿಲಿಯಂ ಮಾರಿಸ್ ಮೊದಲಾದವರು ಕಟ್ಟಿದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘವು 1931ರಲ್ಲಿ ಗಿರಣಿಗಳಿಗೆಂದೇ ಒಂದು ವಿಭಾಗ ತೆರೆಯಿತು. ನೆದರ್ಲೆಂಡ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2017ರಲ್ಲಿ ಯುನೆಸ್ಕೊ ಪಟ್ಟಿಗೆ ಅದು ಸೇರಿಸಿದ್ದು ಗಿರಣಿಯ ಕಟ್ಟಡವನ್ನಲ್ಲ, ಗಾಳಿ ಮತ್ತು ನೀರಿನ ಗಿರಣಿ ನಡೆಸುವವನ ಕಸುಬನ್ನು.

ನಮ್ಮಲ್ಲಿ ಕೊರತೆ ಇರುವುದು ಇಲ್ಲಿಯೇ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಇದ್ದಾನೆ, ಕಲ್ಲುಕುಟಿಗ ಇದ್ದಾನೆ, ಗಾಣಿಗನಿಲ್ಲ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಎಣ್ಣೆಬೀಜ ಅಭಿಯಾನಕ್ಕೆ 10,103 ಕೋಟಿ ರೂಪಾಯಿ ಇದ್ದು, ಅದರ ಗುರಿ ಇಳುವರಿ ಮತ್ತು ಉತ್ಪಾದನೆ. ಪೇಟೆಯ ಗಾಣಗಳು ಬಹುತೇಕ ಮೋಟಾರಿನವು. ಅದು ತಪ್ಪೇನಲ್ಲ, ಕಡಲೆಕಾಯಿ ಬೆಳೆಗಾರನಿಗೆ ಹತ್ತಿರದಲ್ಲೇ ಗಿರಾಕಿ ಸಿಕ್ಕಂತಾಯಿತು. ಆದರೆ ಮೋಟಾರು ಗಾಣದ ದಿಮ್ಮಿಯೂ ಸವೆಯುತ್ತದೆ, ಓರೆಯನ್ನು ಹೊಂದಿಸಿ ಹೊಸದನ್ನು ಕೆತ್ತಲು ಬಡಗಿ ಬೇಕು. ಎತ್ತಿನ ಗಾಣವನ್ನು ಕಣ್ಣಾರೆ ಕಂಡು, ಕೈಯಾರೆ ಕೆತ್ತಿದವರು ಈಗ ಹಿರಿಯರು. ಅವರಿರುವಾಗಲೇ ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ಎಲ್ಲೆಯ ಗಾಣಗಳ ಅಳತೆ, ಚಿತ್ರ, ಇರುವ ಜಾಗ ಬರೆದಿಡಲು ಬೇಕಾಗುವುದು ಒಂದು ನೋಟ್‌ಬುಕ್ಕು, ಒಂದು ಮೊಬೈಲು, ಒಂದು ವಾರದ ಸುತ್ತಾಟ.