ನಕ್ಷೆಯ ಮೇಲೊಂದು ದಾರ

ರಜೆ ಬಂತೆಂದರೆ ಒಂದೇ ದಿನದಲ್ಲಿ ಊರೆಲ್ಲ ನೋಡಿಬಿಡುವ ಹುರುಪು. ಸಂಜೆಗೆ ಮಕ್ಕಳ ಮುಖ ಬಾಡಿರುತ್ತದೆ. ಏನು ನೋಡಿದೆ ಎಂದು ಕೇಳಿದರೆ ‘ಬಸ್ಸು’ ಎನ್ನುತ್ತಾರೆ!

ಕೆ.ಆರ್. ಪುರದ ಒಂದು ಕುಟುಂಬ ದಂಡು ಪ್ರದೇಶ ನೋಡಲು ಹೊರಟಿದೆ ಎನ್ನೋಣ. 1809ರಲ್ಲಿ ಬ್ರಿಟಿಷರು ತಮ್ಮ ಸೈನ್ಯಕ್ಕಾಗಿ ನೆಲೆಗೊಳಿಸಿದ ಊರಿದು. ಮೆಟ್ರೋದಲ್ಲಿ ಹಲಸೂರಿಗೆ ಬಂದಿಳಿದರೆ ಮುಂದಿನದು ಕಾಲಿನ ಕೆಲಸ. ಮೊದಲು ದಂಡಿಗಿಂತ ಶತಮಾನಗಳಷ್ಟು ಹಳೆಯದಾದ ಸೋಮೇಶ್ವರ ದೇವಾಲಯ, ನಂತರ ಕೆರೆ, ಕೊನೆಗೆ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ. ಒಂದು ದಿನಕ್ಕೆ ಮೂರು ಸ್ಥಳ ಸಾಕು. ತೆರೆದಿರುವ ವೇಳೆಯನ್ನು ಮಾತ್ರ ಮೊದಲೇ ವಿಚಾರಿಸಬೇಕು.

ಸಮಯದ ಲೆಕ್ಕ ಮಕ್ಕಳೇ ಹಾಕಲಿ. 1:25,000 ಪ್ರಮಾಣದ ನಕ್ಷೆಯಲ್ಲಿ 1 ಸೆಂ.ಮೀ. ಎಂದರೆ ನೆಲದ ಮೇಲೆ 250 ಮೀಟರ್. ಬೀದಿಗಳ ತಿರುವಿಗೆ ತಕ್ಕಂತೆ ದಾರ ಇಟ್ಟು ಅಳೆಯಬೇಕು. ದಾರ 16 ಸೆಂ.ಮೀ. ಬಂದರೆ ದೂರ 4 ಕಿ.ಮೀ. ಗಂಟೆಗೆ 4 ಕಿ.ಮೀ. ನಡೆಯುವವರಿಗೆ ಅದು ಒಂದು ಗಂಟೆಯ ದಾರಿ. ಆದರೆ ಜೊತೆಗೆ ಅಜ್ಜಿ, ಪುಟ್ಟ ತಂಗಿ ಇದ್ದಾರಲ್ಲ! ಗುಂಪಿನ ವೇಗವೆಂದರೆ ಅತಿ ನಿಧಾನವಾಗಿ ನಡೆಯುವವರ ವೇಗ. ಗಂಟೆಗೆ 3 ಕಿ.ಮೀ. ಎಂದರೂ 1 ಗಂಟೆ 20 ನಿಮಿಷ. ನೋಡಲು, ಕೂರಲು, ಎಳನೀರು ಕುಡಿಯಲು ಅದರ ಎರಡರಷ್ಟು ಸೇರಿಸಿದರೆ 4 ಗಂಟೆ. ಬೆಳಿಗ್ಗೆ 8ಕ್ಕೆ ನಡಿಗೆ ಆರಂಭಿಸಿದರೆ ಮಧ್ಯಾಹ್ನ 12ಕ್ಕೆ ಮುಗಿಯುತ್ತದೆ.

ಬೀದಿಗಳಲ್ಲಿ ಕಾರೇ ಓಡದ ಇಟಲಿಯ ಹಳೆಯ ವೆನಿಸ್ ನಗರಕ್ಕೆ ಹೋದರೂ ಸೂತ್ರ ಇದೇ. ಸಮಯ ಸಾಲದಿದ್ದರೆ ತಂದೆತಾಯಿಯರು ಪಟ್ಟಿಯಿಂದ ಒಂದು ಸ್ಥಳ ಬಿಡಲಿ, ಮಕ್ಕಳನ್ನು ಓಡಿಸುವುದು ಬೇಡ. ಕೆರೆ ದಂಡೆಯಲ್ಲಿ ಮಗು ಕೇಳುವ ಪ್ರಶ್ನೆಗೆ ಉತ್ತರ ಹೇಳಲು ಆಗ ಪುರುಸೊತ್ತಿರುತ್ತದೆ.