ಪರ–ವಿರೋಧ: ಡೊಂಬಿವಲಿಗೆ ಮೂರು ತಾಸಿನ ಯಕ್ಷಗಾನ ಸಾಕೇ?

ಪರ

ಸಾಕು. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಕಲಾವಿದರು ಮಳೆಗಾಲದಲ್ಲಿ ಇತ್ತ ಬಂದಾಗ ಆಟ ನೋಡುವ ಠಾಣೆ, ಕಲ್ಯಾಣದ ಕನ್ನಡಿಗ ಮರುದಿನ ಬೆಳಗ್ಗೆ ಲೋಕಲ್ ಹಿಡಿಯಬೇಕು, ಇಲ್ಲವೇ ಹೋಟೆಲಿನ ಬಾಗಿಲು ತೆಗೆಯಬೇಕು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮವಿದೆ. ಊರಿನಲ್ಲೇ ಧರ್ಮಸ್ಥಳ ಮೇಳ ಕಾಲಮಿತಿಗೆ ಒಗ್ಗಿದೆ. ಕಟೀಲು ಮೇಳಗಳೂ 2022ರಲ್ಲಿ ಅದೇ ದಾರಿ ಹಿಡಿದವು. ಜಪಾನಿನ ಕಬುಕಿ ಒಂದು ಕಾಲಕ್ಕೆ ದಿನವಿಡೀ ನಡೆಯುತ್ತಿತ್ತು. ಇಂದು ಟೋಕಿಯೊದ ಕಬುಕಿಜಾದಲ್ಲಿ ಒಂದೇ ಅಂಕಕ್ಕೂ ಟಿಕೆಟ್ ಸಿಗುತ್ತದೆ. ಕಬುಕಿಯೇನೂ ಸತ್ತಿಲ್ಲ. ಸಮಯ ಕಡಿಮೆಯಾಗಿ ವೇಷಧಾರಿಗಳ ಮಾತು, ಅಂದರೆ ಅರ್ಥಗಾರಿಕೆ, ಸೊರಗಿದೆ ಎಂಬ ದೂರು ಸುಳ್ಳಲ್ಲ, ನಿಜ; ಆದರೆ ಇಲ್ಲಿ ಹುಟ್ಟಿದ ಮಕ್ಕಳಿಗೆ ಆ ಕನ್ನಡ ಎಷ್ಟು ದಕ್ಕೀತು?

ವಿರೋಧ

ನಿಯಮವನ್ನು ಪೂರ್ತಿ ಓದಬೇಕು. ಮುಚ್ಚಿದ ಸಭಾಂಗಣದೊಳಗಿನ ಧ್ವನಿವರ್ಧಕಕ್ಕೆ ಅದು ವಿನಾಯಿತಿ ಕೊಟ್ಟಿದೆ. ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ರಂಗಮಂದಿರವಾಗಲಿ ಠಾಣೆಯ ಗಡ್ಕರಿ ರಂಗಾಯತನವಾಗಲಿ, ಆಟಕ್ಕೆ ಗಡಿ ಹಾಕುವುದು ಪಾಳಿ ಲೆಕ್ಕದ ಬಾಡಿಗೆಯೇ ಹೊರತು ಕಾನೂನಲ್ಲ. ಕಟೀಲಿನ ಕಥೆಯನ್ನೂ ಅರ್ಧಕ್ಕೇ ನಿಲ್ಲಿಸಿದಿರಿ: 2024ರ ಮಕರ ಸಂಕ್ರಮಣದಿಂದ ಆ ಮೇಳಗಳು ಬೆಳಗಿನ ತನಕದ ಆಟಕ್ಕೆ ಮರಳಿದವು.

ಸಮಯ ಕಡಿಮೆಯಾದಾಗ ಕತ್ತರಿ ಎಲ್ಲಿ ಬೀಳುತ್ತದೆ ನೋಡಿ. ಮೊದಲ ಬಲಿ ಪ್ರಸಂಗಕ್ಕೆ ಮುಂಚಿನ ಪೂರ್ವರಂಗ. ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ ಇವೆಲ್ಲ ಮೇಳದ ಪಾಠಶಾಲೆ. ಹೆಜ್ಜೆ ಇನ್ನೂ ಕೂಡದ ಹುಡುಗನಿಗೆ ಸಭೆಯೆದುರು ತಾಳ ತಪ್ಪಿ ಕಲಿಯಲು ಅಲ್ಲೇ ಜಾಗ. ಮುಂದೆ ಪಾತ್ರಪ್ರವೇಶದ ಒಡ್ಡೋಲಗ ಹೋಯಿತು, ಸಂವಾದ ಹೋಯಿತು. ಉಳಿದದ್ದು ದಿಗಿಣ, ಯುದ್ಧ, ಚಪ್ಪಾಳೆ. ನಮ್ಮ ಮಕ್ಕಳು ಅದನ್ನೇ ಯಕ್ಷಗಾನವೆಂದು ಕಲಿಯುತ್ತಿದ್ದಾರೆ. ಮಾತು ಕೇಳಿಸದೆ ಅವರಿಗೆ ಕನ್ನಡ ಬರುವುದು ಯಾವಾಗ? ದೇವಿಮಹಾತ್ಮೆಯ ಮಹಿಷಾಸುರ ಬಯಲಿನಲ್ಲಿ ಸಭೆಯ ಹಿಂದಿನಿಂದ, ದೊಂದಿ ಹಿಡಿದವರ ನಡುವೆ, ರಾಳದ ಬೆಂಕಿ ಭುಗಿಲೆನ್ನುವಾಗ ಬರುತ್ತಾನೆ. ಏಸಿ ಹಾಲಿನಲ್ಲಿ ಅವನು ಬೆಂಕಿಯಿಲ್ಲದೆ ರಾತ್ರಿ ಎಂಟಕ್ಕೇ ಬಂದು ಹೋಗುತ್ತಾನೆ. ಬಯಲಾಟದಲ್ಲಿ ಅರ್ಧ ಸಭೆ ತೂಕಡಿಸುತ್ತಿತ್ತು ಎನ್ನುವವರಿದ್ದಾರೆ. ತೂಕಡಿಸುತ್ತಿತ್ತು, ಹೌದು, ಆ ಆರ್ಭಟಕ್ಕೆ ಬೆಚ್ಚಿ ಏಳುತ್ತಲೂ ಇತ್ತು.

ಕಬುಕಿಯ ಮಾತು ಬಂತಲ್ಲ. ಅಲ್ಲಿ ದೊಡ್ಡ ನಾಟಕದಿಂದ ಒಂದಂಕ ಆರಿಸಿಕೊಂಡು ಆಡುವ ರೂಢಿಯಿದೆ. ನಾವು ಇಡೀ ದೇವಿಮಹಾತ್ಮೆಯನ್ನು ಮೂರು ತಾಸಿಗೆ ಹಿಂಡುತ್ತೇವೆ. ವರ್ಷಕ್ಕೊಂದು ರಾತ್ರಿಯಾದರೂ ಪೂರ್ತಿ ಆಟವಾಗಲಿ. ಮಿಕ್ಕ ದಿನ ಮೂರೇ ತಾಸು ಎನ್ನುವುದಾದರೆ ಮಹಿಷವಧೆಯೊಂದನ್ನೇ ಎತ್ತಿಕೊಳ್ಳಿ, ಆದರೆ ಕೋಡಂಗಿಯಿಂದಲೇ ಶುರುವಾಗಬೇಕು.