ಎಕರೆಗೆ ಪರಿಹಾರ, ಆಳಿಗೆ ಏನು?

ಚೀನಾದೊಡನೆ ಸುಂಕದ ಜಗಳ ತೆಗೆದದ್ದು ಅಮೆರಿಕ ಸರಕಾರ. ಸೋಯಾ ರೈತರ ಮಾರುಕಟ್ಟೆ ಕುಸಿದಾಗ 2018 ಮತ್ತು 2019ರ ಬೆಳೆಗಳಿಗೆ ಸುಮಾರು 2,300 ಕೋಟಿ ಡಾಲರ್ ಪರಿಹಾರ ಹಂಚಿದ್ದೂ ಅದೇ.

ಹಂಚಿದ ಬಗೆ ನೋಡಿ. 2019ರಲ್ಲಿ ಧಾನ್ಯ, ಎಣ್ಣೆಕಾಳು ಮುಂತಾದವುಗಳಿಗೆ ಒಂದೊಂದು ಕೌಂಟಿಗೆ (ನಮ್ಮ ಜಿಲ್ಲೆಯಂಥದ್ದು) ಒಂದೊಂದು ದರ: ಎಕರೆಗೆ 15ರಿಂದ 150 ಡಾಲರ್. ಒಂದೇ ಕೌಂಟಿಯಲ್ಲಿ ನೂರೆಕರೆ ಬಿತ್ತಿದವನಿಗೆ ಸಿಕ್ಕಿದ್ದರ ಹತ್ತುಪಟ್ಟು ಸಾವಿರ ಎಕರೆ ಬಿತ್ತಿದವನಿಗೆ! ತಲಾ ಎರಡೂವರೆ ಲಕ್ಷ ಡಾಲರ್‌ಗಳ ಮಿತಿಯೇನೋ ಇತ್ತು. ಅದು ಸಣ್ಣ ರೈತ ಕನಸಿನಲ್ಲೂ ಮುಟ್ಟದ ಮಿತಿ. ಅದೇ ಹೊಲದಲ್ಲಿ ಬೆವರು ಸುರಿಸಿದ ಕೂಲಿಯಾಳಿಗೆ ಈ ಲೆಕ್ಕದಲ್ಲಿ ಜಾಗವೇ ಇರಲಿಲ್ಲ.

ಇದೇ ಅಮೆರಿಕ 2018ರ ಮೇ ತಿಂಗಳಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ತಕರಾರು ತೆಗೆದಿತ್ತು: ಗೋಧಿ, ಅಕ್ಕಿಗೆ ಭಾರತ ನೀಡುವ ಬೆಂಬಲ ಬೆಲೆ ಮಿತಿ ಮೀರಿದೆಯಂತೆ!